ಮನೆ ಯಾರ ಹೆಸರಲ್ಲಿದೆ?

2022ರ ಒಂದು ಭಾನುವಾರ. ಊಟ ಮುಗಿಸಿ, ಮೇಜು ಒರೆಸಿ, ನಾನೂ ನನ್ನ ಚಿಕ್ಕಮ್ಮನ ಮಗಳೂ ಎದುರುಬದುರು ಕೂತೆವು. ನಡುವೆ ಅವಳ ವಿಚ್ಛೇದನದ ಕೇಸಿಗೆ ವಕೀಲರು ಕೊಟ್ಟ ಫಾರಂ. ಹತ್ತಾರು ಪುಟ. ತಿಂಗಳ ಆದಾಯ ಎಷ್ಟು, ಬ್ಯಾಂಕ್ ಖಾತೆ ಯಾವುವು, ಎಫ್‌ಡಿ, ಪಿಎಫ್, ಎಲ್‌ಐಸಿ, ಷೇರು, ಚಿನ್ನ, ಗಾಡಿ, ಸೈಟು, ಮನೆ, ಸಾಲ. ಒಂದೊಂದಕ್ಕೂ ಒಂದು ಕಾಲಂ. ನಾನು ಓದುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಇಲ್ಲ. ಇಲ್ಲ. ಇಲ್ಲ. ಮೂರನೇ ಪುಟಕ್ಕೆ ಬಂದಾಗ ಪೆನ್ನು ಕೆಳಗಿಟ್ಟಳು.

"ಹದಿನಾರು ವರ್ಷ ಸಂಸಾರ ಮಾಡಿದ್ದೀನಿ ಅಕ್ಕ. ಬರೆಯೋಕೆ ಒಂದೂ ಇಲ್ವಲ್ಲ" ಅಂದಳು.

ಅಳಲಿಲ್ಲ. ಅಳುವ ದಿನಗಳು ಅಷ್ಟು ಹೊತ್ತಿಗೆ ಮುಗಿದಿದ್ದವು. ಲೆಕ್ಕ ತಾಳೆಯಾಗದಿದ್ದಾಗ ಮುಖ ಹೇಗಾಗುತ್ತದೋ ಹಾಗಿತ್ತು ಅವಳ ಮುಖ. ಬಿಕಾಂ ಓದಿದವಳು, ಮದುವೆಯಾದ ಮೇಲೂ ಒಂದು ಆಡಿಟರ್ ಆಫೀಸಿನಲ್ಲಿ ಐದಾರು ವರ್ಷ ಕೆಲಸ ಮಾಡಿದವಳು. ಲೆಕ್ಕ ಅವಳಿಗೆ ಹೊಸದಲ್ಲ.

ಇದನ್ನು ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಬೇಡ, ಆದ್ರೆ ಆ ಫಾರಂ ವಿಷಯ ಬರಿ" ಅಂದಳು.

ಆ ಫಾರಂ ತುಂಬ ಹಳೆಯದೇನಲ್ಲ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಜೀವನಾಂಶದ ಒಂದು ಕೇಸಿನಲ್ಲಿ ದೊಡ್ಡ ತೀರ್ಪು ಕೊಟ್ಟಿತು. ಜೀವನಾಂಶದ ಪ್ರಶ್ನೆ ಎದ್ದಾಗ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು ಅಂತ. ಅದಕ್ಕೆ ಮೊದಲು ಗಂಡ ತನ್ನ ಸಂಬಳ ಕಡಿಮೆ ಅನ್ನುವುದು, ಹೆಂಡತಿ ಜಾಸ್ತಿ ಅನ್ನುವುದು, ನ್ಯಾಯಾಧೀಶರು ನಡುವೆ ಎಲ್ಲೋ ಒಂದು ಅಂದಾಜು ಹಿಡಿಯುವುದು ನಡೆದಿತ್ತು. ಬೇಸಾಯ ಮಾಡುವವರಿಗೆ ಬೇರೆಯೇ ನಮೂನೆ ಇದೆ. ಜಮೀನು ಎಷ್ಟು, ತರಿಯೋ ಖುಷ್ಕಿಯೋ, ಬೆಳೆ ಏನು, ದನ ಎಮ್ಮೆ ಎಷ್ಟು ಅಂತ ಅದರಲ್ಲಿ ಕೇಳುತ್ತಾರೆ. ಯಾರೋ ಕೂತು ಯೋಚನೆ ಮಾಡಿ ಬರೆದ ಫಾರಂ ಅದು. ನನಗೆ ಅದರ ಮೇಲೆ ಗೌರವವಿದೆ. ಆದರೂ ಬೆಳಗ್ಗೆ ಐದೂವರೆಗೆ ಎದ್ದು ಮೂರು ಡಬ್ಬಿ ಕಟ್ಟುವುದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.

ಆ ಭಾನುವಾರಕ್ಕೂ ಒಂದು ತಿಂಗಳ ಮುಂಚೆ ವಕೀಲರ ಹತ್ತಿರ ಮೊದಲ ಸಲ ಹೋಗಿದ್ದೆವು. ನಡುವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಮನೆ ಯಾರ ಹೆಸರಲ್ಲಿದೆ?"

"ಅವರ ಹೆಸರಲ್ಲಿ" ಅಂದಳು ಇವಳು.

ವಕೀಲರು ತಲೆಯಾಡಿಸಿ ಬರೆದುಕೊಂಡರು. ಅಷ್ಟೇ. ಆದರೆ ಅರ್ಧ ಕೇಸು ಅಲ್ಲೇ ತೀರ್ಮಾನವಾಗಿತ್ತು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಡೈವೋರ್ಸ್ ಆದರೆ ಅರ್ಧ ಆಸ್ತಿ ಹೆಂಡತಿಗೆ ಅಂತ ನಮ್ಮಲ್ಲಿ ತುಂಬ ಜನ ನಂಬಿದ್ದಾರೆ. ಮದುವೆ ಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ವಾಟ್ಸಾಪಿನಲ್ಲಿ ಈ ಮಾತು ಓಡಾಡುತ್ತಲೇ ಇರುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ನಿಜವಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯಾದ ಮೇಲೆ ಸಂಪಾದಿಸಿದ ಆಸ್ತಿಯನ್ನು ಇಬ್ಬರಿಗೂ ಹಂಚಿ ಅಂತ ಹೇಳುವ ಸೆಕ್ಷನ್ನೇ ಇಲ್ಲ. ಆಸ್ತಿಯ ಮಾತು ಬರುವುದು ಮುಖ್ಯವಾಗಿ ಸೆಕ್ಷನ್ 27ರಲ್ಲಿ. ಮದುವೆ ಹೊತ್ತಿನಲ್ಲಿ ಕೊಟ್ಟ, ಇಬ್ಬರಿಗೂ ಸೇರಿದ ಉಡುಗೊರೆ ಆಸ್ತಿಯ ಬಗ್ಗೆ ಅಷ್ಟೇ ಅದು ಹೇಳುತ್ತದೆ. ಬಾಕಿಯೆಲ್ಲ ಜೀವನಾಂಶ. ಕೇಸು ನಡೆಯುವಾಗ ಕೊಡುವುದಕ್ಕೆ ಸೆಕ್ಷನ್ 24, ಶಾಶ್ವತ ಜೀವನಾಂಶಕ್ಕೆ ಸೆಕ್ಷನ್ 25. ಇವೆರಡರಡಿ ಗಂಡನೂ ಕೇಳಬಹುದು, ಹೆಂಡತಿಯೂ ಕೇಳಬಹುದು.

ಅಂದರೆ ಆಸ್ತಿ ಯಾರ ಹೆಸರಿನಲ್ಲಿ ಇದೆಯೋ ಅದು ಅವರದ್ದು. ಕ್ರಯಪತ್ರ ನೋಡು, ಖಾತಾ ನೋಡು, ಪಹಣಿ ನೋಡು. ಹೆಸರಿಲ್ಲದವರು "ನಾನೂ ದುಡ್ಡು ಹಾಕಿದ್ದೇನೆ" ಅಂತ ದಾವೆ ಹೂಡಬಹುದು. ದಂಪತಿಗಳ ನಡುವಿನ ಆಸ್ತಿ ದಾವೆ ಕೇಳುವ ಅಧಿಕಾರವನ್ನು 1984ರ ಕಾಯ್ದೆ ಕೌಟುಂಬಿಕ ನ್ಯಾಯಾಲಯಕ್ಕೆ ಕೊಟ್ಟಿದೆ. ಆದರೆ ಸಾಬೀತು ಮಾಡಬೇಕು. ಕಾಗದ ಬೇಕು.

ಅವಳ ಕಾಗದ ಎಲ್ಲಿತ್ತು? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಅವಳೊಬ್ಬಳ ಕಥೆಯಲ್ಲ.

2010ರಲ್ಲಿ ಫ್ಲಾಟ್ ತಗೊಂಡರು. ಆಗ ಇಬ್ಬರಿಗೂ ಸಂಬಳ ಬರುತ್ತಿತ್ತು. ಅವರದ್ದು ಜಾಸ್ತಿ, ಇವಳದ್ದು ಕಡಿಮೆ. ಒಂದು ಸಂಜೆ ಕೂತು ಮಾತಾಡಿಕೊಂಡರಂತೆ. "ಇಎಂಐ ನನ್ನ ಅಕೌಂಟಿಂದ ಹೋಗ್ಲಿ, ಮನೆ ಖರ್ಚು ನೀನು ನೋಡ್ಕೋ." ಎಷ್ಟು ಮನೆಗಳಲ್ಲಿ ಈ ಮಾತು ಆಗಿಲ್ಲ ಹೇಳಿ. ಅದರಲ್ಲಿ ಮೋಸ ಏನೂ ಇರಲಿಲ್ಲ. ಆ ಮನುಷ್ಯ ಕೆಟ್ಟವರಲ್ಲ. ಕುಡಿಯುವವರಲ್ಲ, ಕೈ ಎತ್ತಿದವರಲ್ಲ. ಇಬ್ಬರ ನಡುವೆ ಮಾತು ಸತ್ತಿತ್ತು, ಅಷ್ಟೇ ನಾನು ಹೇಳಬಲ್ಲೆ. ಆ ಸಂಜೆ ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಒಪ್ಪಿಕೊಂಡದ್ದು.

ಆಮೇಲೆ ಪ್ರತಿ ತಿಂಗಳು 5ನೇ ತಾರೀಖು ಅವರ ಅಕೌಂಟಿಂದ ಇಎಂಐ ಹೋಯಿತು. ಸ್ಟೇಟ್‌ಮೆಂಟಿನಲ್ಲಿ ಒಂದೊಂದು ಸಾಲು ಬಿತ್ತು. ಇವಳ ಸಂಬಳದಿಂದ ಹಾಲು ಬಂತು, ಅಕ್ಕಿ ಬಂತು, ಗ್ಯಾಸ್ ಬಂತು, ಮಗಳ ಸ್ಕೂಲ್ ವ್ಯಾನ್ ಬಂತು, ಅತ್ತೆಯ ಬಿಪಿ ಮಾತ್ರೆ ಬಂತು. 2012ರಲ್ಲಿ ಮಗ ಹುಟ್ಟಿದ. ನೋಡಿಕೊಳ್ಳುವವರು ಇಲ್ಲ ಅಂತ ಕೆಲಸ ಬಿಟ್ಟಳು. ಹತ್ತು ವರ್ಷ ಆದಮೇಲೆ ಫಾರಂ ತುಂಬಲು ಕೂತಾಗ ಅವರ ಕಡೆ ಅಷ್ಟೂ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು. ಇವಳ ಕಡೆ ಏನಿತ್ತು? ಗೋಡೆ ಸಿಕ್ಕಿತು ಅವರಿಗೆ. ಇವಳ ದುಡ್ಡು ಊಟ ಆಗಿಹೋಗಿತ್ತು. ಇಎಂಐಗೆ ರಸೀದಿ ಇದೆ, ಸೊಪ್ಪಿನವಳು ರಸೀದಿ ಕೊಡುವುದಿಲ್ಲ.

ಇನ್ನೊಂದು ವಿಷಯ ಫಾರಂ ತುಂಬುವಾಗಲೇ ಹೊರಬಿತ್ತು. ಸಾಲದ ಕಾಲಂ ಬಂದಾಗ ನಾನು "ಇಲ್ಲ ಅಂತ ಬರಿ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕ, ಹೋಮ್ ಲೋನಿಗೆ ನಾನೂ ಸೈನ್ ಹಾಕಿದ್ದೆ" ಅಂದಳು. ಸಾಲ ಜಾಸ್ತಿ ಸಿಗಲಿ ಅಂತ ಅವಳ ಸಂಬಳವನ್ನೂ ಸೇರಿಸಿದ್ದರು. ಕೋ-ಅಪ್ಲಿಕೆಂಟ್. ಸಾಲದ ಪತ್ರದಲ್ಲಿ ಅವಳ ಹೆಸರಿದೆ, ಕ್ರಯಪತ್ರದಲ್ಲಿ ಇಲ್ಲ. ಮನೆ ಅವಳದ್ದಲ್ಲ, ಸಾಲ ಅವಳದ್ದೂ ಹೌದು. ಆ ಫಾರಂನಲ್ಲಿ ಅವಳು ಬರೆದ ಮೊದಲ ದೊಡ್ಡ ಅಂಕಿ ಅದೇ.

ಈ ತರಹ ಸೈನ್ ಹಾಕಿದವರು ತುಂಬ ಜನ ಇದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಡೈವೋರ್ಸ್ ಆದರೂ ಬ್ಯಾಂಕಿಗೆ ಅದು ಸಂಬಂಧವಿಲ್ಲ. ಇನ್ನು ಮುಂದೆ ಗಂಡನೇ ಕಟ್ಟುತ್ತಾನೆ ಅಂತ ನೀವಿಬ್ಬರೂ ಒಪ್ಪಿಕೊಂಡರೂ, ಬ್ಯಾಂಕ್ ಬರೆದು ಬಿಡುಗಡೆ ಮಾಡುವ ತನಕ ಸಾಲ ಇಬ್ಬರ ತಲೆ ಮೇಲೂ ಇರುತ್ತದೆ. ನಾಳೆ ಅವರು ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ ಸ್ಕೋರೂ ಬೀಳುತ್ತದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಗೆಲಸಕ್ಕೆ ಬೆಲೆ ಕಟ್ಟುವುದು ಸಾಧ್ಯವೇ ಇಲ್ಲವಾ ಅಂತ ಹುಡುಕುತ್ತಾ ಕೂತೆ. ಕೇಂದ್ರ ಸರ್ಕಾರ 2019ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆ ಸಿಕ್ಕಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಗಂಡಸರು 97 ನಿಮಿಷ. 299 ನಿಮಿಷ ಅಂದರೆ ಹತ್ತಿರ ಹತ್ತಿರ ಐದು ಗಂಟೆ. ಈ ಅಂಕಿಯನ್ನು ಸುಪ್ರೀಂ ಕೋರ್ಟೇ 2021ರ ಜನವರಿಯಲ್ಲಿ ಒಂದು ತೀರ್ಪಿನಲ್ಲಿ ಎತ್ತಿ ಹೇಳಿದೆ. ಗೃಹಿಣಿಯ ಕೆಲಸಕ್ಕೆ ಹಣದ ಬೆಲೆ ಇದೆ, ಅದನ್ನು ಲೆಕ್ಕ ಹಾಕಲೇಬೇಕು ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ.

ಆ ಕೇಸು ಯಾವುದು ಗೊತ್ತಾ? ರಸ್ತೆ ಅಪಘಾತದ ಪರಿಹಾರದ್ದು. ಗಂಡ ಹೆಂಡತಿ ಇಬ್ಬರೂ ಬೈಕಿನಲ್ಲಿ ಹೋಗುವಾಗ ಸತ್ತಿದ್ದರು. ಗೃಹಿಣಿ ಸತ್ತರೆ ಅವಳ ದುಡಿಮೆಗೆ ಕಾನೂನು ರೂಪಾಯಿ ಲೆಕ್ಕದಲ್ಲಿ ಬೆಲೆ ಕಟ್ಟುತ್ತದೆ. ಬದುಕಿದ್ದು ಮನೆಯಿಂದ ಹೊರಗೆ ಬಂದರೆ ಆ ದುಡಿಮೆಗೆ ಮನೆಯಲ್ಲಿ ಪಾಲಿಲ್ಲ. ಇದನ್ನು ಓದಿದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದೆ.

ಸಂಸತ್ತಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. 2013ರ ಆಗಸ್ಟ್‌ನಲ್ಲಿ ರಾಜ್ಯಸಭೆ ವಿವಾಹ ಕಾನೂನು ತಿದ್ದುಪಡಿ ಮಸೂದೆ ಒಂದನ್ನು ಪಾಸ್ ಮಾಡಿತ್ತು. ಸರಿಪಡಿಸಲಾಗದಷ್ಟು ಮುರಿದ ಮದುವೆಗೆ ವಿಚ್ಛೇದನ ಕೊಡುವಾಗ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೂ ಪಾಲು ಕೊಡಿಸುವ ಅಧಿಕಾರ ಕೋರ್ಟಿಗೆ ಸಿಗುತ್ತಿತ್ತು. ಮಸೂದೆ ಲೋಕಸಭೆಯಲ್ಲಿ ಪಾಸಾಗಲಿಲ್ಲ. 2014ರಲ್ಲಿ ಆ ಲೋಕಸಭೆ ವಿಸರ್ಜನೆಯಾಯಿತು, ಮಸೂದೆಯೂ ಬಿದ್ದುಹೋಯಿತು.

ಹಾಗಂತ ನಮ್ಮ ದೇಶದಲ್ಲಿ ಇದು ಎಲ್ಲೂ ಇಲ್ಲ ಅಂತಲ್ಲ. ಕಾರವಾರದಿಂದ ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದು ಪೋಳೆಂ ಚೆಕ್‌ಪೋಸ್ಟ್ ದಾಟಿದರೆ ಗೋವಾ. ಅಲ್ಲಿ ಇವತ್ತಿಗೂ 1867ರ ಪೋರ್ಚುಗೀಸ್ ಸಿವಿಲ್ ಕೋಡಿನ ಕುಟುಂಬ ಕಾನೂನು ನಡೆಯುತ್ತದೆ. ಮದುವೆಗೆ ಮೊದಲೇ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿ ಇಬ್ಬರ ಆಸ್ತಿಯೂ ಒಂದೇ ರಾಶಿ. ಬೇರೆಯಾದರೆ ಅರ್ಧ ಅರ್ಧ. ಮನೆ ಮಾರಬೇಕಾದರೆ ಇಬ್ಬರ ಸಹಿಯೂ ಬೇಕು. ಧರ್ಮ ಯಾವುದಾದರೂ ಸರಿ. ಅಲ್ಲೂ ಜಗಳ ಇಲ್ಲದೆ ಇಲ್ಲ. ಅರ್ಧ ಅಂದರೆ ಸಾಲದಲ್ಲೂ ಅರ್ಧ. ಆದರೂ ವಕೀಲರ ಮೊದಲ ಪ್ರಶ್ನೆ ಅಲ್ಲಿ ಬೇರೆ ಇರುತ್ತದೆ ಅಲ್ವಾ? ಮಾಜಾಳಿಯ ಹೆಂಗಸಿಗೂ ಪೋಳೆಂ ಹೆಂಗಸಿಗೂ ನಡುವೆ ಇರುವುದು ನಾಲ್ಕು ಹೆಜ್ಜೆ. ಇಬ್ಬರೂ ಅದೇ ಮೀನು ಸಾರು ಮಾಡುವವರು.

2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಒಳ್ಳೆಯ ಮಾತು ಹೇಳಿತು. ಸೌದಿಯಲ್ಲಿ ದುಡಿದು ಹಣ ಕಳಿಸಿದ ಗಂಡ, ಊರಲ್ಲಿ ಮನೆ ಮಕ್ಕಳು ನೋಡಿಕೊಂಡ ಹೆಂಡತಿ. ಆ ಹಣದಲ್ಲಿ ಕೊಂಡ ಆಸ್ತಿ ಯಾರದ್ದು ಅನ್ನುವ ಪ್ರಶ್ನೆ. ಹೆಂಡತಿ ಮನೆ ನೋಡಿಕೊಂಡಿದ್ದಕ್ಕೇ ಗಂಡ ಸಂಪಾದಿಸಲು ಆಯಿತು, ಹಾಗಾಗಿ ಅವಳಿಗೂ ಸಮಪಾಲು ಇದೆ ಅಂತ ನ್ಯಾಯಮೂರ್ತಿ ಕೃಷ್ಣನ್ ರಾಮಸಾಮಿ ಬರೆದರು. ಅದು ವಿಚ್ಛೇದನದ ಕೇಸಲ್ಲ, ನಮ್ಮ ಹೈಕೋರ್ಟಿನದ್ದೂ ಅಲ್ಲ. ಆದರೂ ಆ ಸುದ್ದಿ ಬಂದ ದಿನ ಅವಳಿಗೆ ಫೋನ್ ಮಾಡಿ ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಇನ್ನೊಂದ್ಸಲ ಓದು" ಅಂದಳು.

ಈಗ ಚಿನ್ನದ ವಿಷಯಕ್ಕೆ ಬರುತ್ತೇನೆ. ಅವಳ ಕೇಸು ತಿರುಗಿದ್ದು ಅಲ್ಲಿ.

ಮನೆಯ ವಿಷಯದಲ್ಲಿ ಸುಮ್ಮನಿರುವ ಕಾನೂನು ಸ್ತ್ರೀಧನದ ವಿಷಯದಲ್ಲಿ ಗಟ್ಟಿಯಾಗಿ ಮಾತಾಡುತ್ತದೆ. ಮದುವೆಗೆ ಮೊದಲು, ಮದುವೆ ಹೊತ್ತಲ್ಲಿ, ಆಮೇಲೆ ಹೆಣ್ಣಿಗೆ ತವರಿನವರು, ಗಂಡನ ಮನೆಯವರು, ನೆಂಟರಿಷ್ಟರು ಕೊಟ್ಟದ್ದೆಲ್ಲ ಅವಳದ್ದೇ. ಗಂಡನ ಮನೆ ಬೀರುವಿನಲ್ಲಿ ಇದ್ದರೂ ಅವಳದ್ದೇ. 1985ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ಅದನ್ನು ವಾಪಸ್ ಕೊಡದೆ ಇಟ್ಟುಕೊಂಡರೆ ಅದು ನಂಬಿಕೆದ್ರೋಹದ ಅಪರಾಧವಾಗಬಹುದು ಅಂತಲೂ ಹೇಳಿತು. 2024ರ ಏಪ್ರಿಲ್‌ನಲ್ಲಿ ಕೇರಳದ ಒಂದು ಕೇಸು ಬಂತು. ತವರಿನವರು ಹಾಕಿದ 89 ಪವನ್ ಚಿನ್ನ. ಮೊದಲ ರಾತ್ರಿಯೇ ಗಂಡ ಅದನ್ನು ತಗೊಂಡು ತಾಯಿ ಕೈಗೆ ಕೊಟ್ಟಿದ್ದನಂತೆ, ಭದ್ರವಾಗಿರಲಿ ಅಂತ. ಚಿನ್ನ ಹೋಯಿತು. ಸುಪ್ರೀಂ ಕೋರ್ಟ್ ಅವಳಿಗೆ 25 ಲಕ್ಷ ರೂಪಾಯಿ ಕೊಡಿಸಿತು. ಅಲ್ಲಿ ಹೇಳಿದ ಒಂದು ಮಾತು ನಮ್ಮಂಥವರಿಗೆ ಮುಖ್ಯ. ಇಂಥ ಸಿವಿಲ್ ಕೇಸಿನಲ್ಲಿ ಕ್ರಿಮಿನಲ್ ಕೇಸಿನ ಹಾಗೆ ಸಂಶಯವೇ ಇಲ್ಲದಂತೆ ಸಾಬೀತು ಮಾಡಬೇಕಾಗಿಲ್ಲ, ಯಾವುದು ನಡೆದಿರುವ ಸಾಧ್ಯತೆ ಜಾಸ್ತಿ ಅಂತ ನೋಡಿದರೆ ಸಾಕು ಅಂತ.

ಸ್ತ್ರೀಧನದ ಕಥೆ ನಮ್ಮ ನಾಡಿನಿಂದಲೇ ಶುರುವಾಗುತ್ತದೆ ಅನ್ನುವುದು ನನಗೆ ಈ ಕೇಸಿನಿಂದಾಗಿ ಗೊತ್ತಾಯಿತು. ಬೀದರ್ ಜಿಲ್ಲೆಯ ಬಸವಕಲ್ಯಾಣ, ಆಗ ಕಲ್ಯಾಣ. ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಅನ್ನುವ ವ್ಯಾಖ್ಯಾನ ಬರೆದರು. ತಂದೆ, ತಾಯಿ, ಗಂಡ, ಅಣ್ಣ ತಮ್ಮಂದಿರು ಕೊಟ್ಟದ್ದು, ಅಗ್ನಿಯ ಮುಂದೆ ಕೊಟ್ಟದ್ದು, ಗಂಡ ಇನ್ನೊಂದು ಮದುವೆಯಾಗುವಾಗ ಮೊದಲ ಹೆಂಡತಿಗೆ ಕೊಡಬೇಕಾದದ್ದು ಎಲ್ಲವನ್ನೂ ಸ್ಮೃತಿ ಪಟ್ಟಿ ಮಾಡಿ, ಕೊನೆಗೆ "ಆದ್ಯ", ಅಂದರೆ ಮೊದಲಾದವು, ಅನ್ನುತ್ತದೆ. ಆ ಒಂದು ಪದವನ್ನು ವಿಜ್ಞಾನೇಶ್ವರರು ಹಿಡಿದುಕೊಂಡರು. ಮೊದಲಾದವು ಅಂದಮೇಲೆ ವಾರಸಿನಿಂದ ಬಂದದ್ದೂ, ಕೊಂಡದ್ದೂ, ಪಾಲಿನಲ್ಲಿ ಬಂದದ್ದೂ ಸೇರಿತು ಅಂತ ವಿವರಿಸಿದರು. ಬ್ರಿಟಿಷರ ಕಾಲದಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಲಂಡನ್ನಿನಲ್ಲಿದ್ದ ಆಗಿನ ಕೊನೆಯ ಮೇಲ್ಮನವಿ ಕೋರ್ಟು, ಅದನ್ನು ಮತ್ತೆ ಕಿರಿದು ಮಾಡಿತು. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೇ ಒಂದು ಕಾಯ್ದೆ ತಂದಿತು. 1956ರಲ್ಲಿ ಹೆಣ್ಣಿನ ಆಸ್ತಿಗೆ ಅವಳೇ ಪೂರ್ಣ ಒಡತಿ ಅನ್ನುವ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 14 ಬಂದಾಗ ಅದರ ಪಟ್ಟಿ ಹೆಚ್ಚುಕಡಿಮೆ ವಿಜ್ಞಾನೇಶ್ವರರ ಪಟ್ಟಿಯ ಹಾಗೇ ಇತ್ತು. ನಡುವೆ ಎಂಟು ನೂರು ವರ್ಷಕ್ಕೂ ಜಾಸ್ತಿ.

ಸರಿ, ಚಿನ್ನ ಅವಳದ್ದು. ಆದರೆ ಎಷ್ಟಿತ್ತು, ಯಾವುದಿತ್ತು ಅನ್ನುವುದಕ್ಕೆ ಏನು ಆಧಾರ? ಮದುವೆ ಫೋಟೋದಲ್ಲಿ ಕತ್ತು ತುಂಬ ಕಾಣುತ್ತದೆ. ತೂಕ ಕಾಣುವುದಿಲ್ಲ.

ನಾವಿಬ್ಬರೂ ತಿಪಟೂರಿಗೆ ಹೋದೆವು. ಚಿಕ್ಕಮ್ಮ ಅಟ್ಟದ ಕೆಳಗಿನ ಟ್ರಂಕ್ ತೆಗೆದರು. ಒಳಗೆ ಕರ್ಪೂರದ ವಾಸನೆ, ಹಳೇ ಧಾರೆ ಸೀರೆ, ಅದರ ಕೆಳಗೆ ಮುಯ್ಯಿ ಪುಸ್ತಕ. ನಮ್ಮ ಕಡೆ ಮದುವೆಯಲ್ಲಿ ಯಾರಾದರೂ ಒಬ್ಬರು ಮೂಲೆಯಲ್ಲಿ ಕೂತು ಯಾರು ಏನು ಕೊಟ್ಟರು ಅಂತ ಬರೆಯುತ್ತಾರೆ. ನಾಳೆ ಅವರ ಮನೆ ಮದುವೆಗೆ ನಾವು ತೀರಿಸಬೇಕಲ್ಲ, ಅದಕ್ಕೆ. ಇದನ್ನು ಬರೆದದ್ದು ನಮ್ಮ ಸೋದರಮಾವ. ಉದ್ದನೆಯ ರಟ್ಟಿನ ಪುಸ್ತಕ, ಮೊದಲ ಪುಟಕ್ಕೆ ಅರಿಶಿನ ಕುಂಕುಮ, ಮೇಲೆ ಶ್ರೀ. ಆಮೇಲೆ ಸಾಲು ಸಾಲು. ಹಿತ್ತಾಳೆ ಕೊಳಗ 1. ಸ್ಟೀಲ್ ಡಬರಿ 2. ನಗದು 101. ಬೆಳ್ಳಿ ಕುಂಕುಮ ಭರಣಿ 1. ಕೊನೆಯ ಎರಡು ಪುಟದಲ್ಲಿ "ಹುಡುಗಿಗೆ ನಾವು ಹಾಕಿದ್ದು" ಅಂತ ತಲೆಬರಹ. ಲಕ್ಷ್ಮೀ ಸರ 32 ಗ್ರಾಂ. ಬಳೆ 4, 40 ಗ್ರಾಂ. ಜುಮಕಿ ಜೊತೆ. ಪಕ್ಕದಲ್ಲಿ ಅಂಗಡಿ ರಸೀದಿಯನ್ನು ಗುಂಡುಪಿನ್ನಿನಿಂದ ಚುಚ್ಚಿ ಇಟ್ಟಿದ್ದರು. ಪಿನ್ನಿನ ಸುತ್ತ ತುಕ್ಕಿನ ಕಂದು ಗುರುತು ಬಿದ್ದಿತ್ತು.

"ಎರಡು ವರ್ಷದ ಕೊಬ್ಬರಿ ಮಾರಿದ್ದು ಕಣೇ ಅದು" ಅಂದರು ಚಿಕ್ಕಮ್ಮ. "ಚಿಕ್ಕಪ್ಪ ರೇಟು ಏರ್ಲಿ ಅಂತ ಅಟ್ಟದಲ್ಲೇ ಇಟ್ಟಿದ್ರು."

ಅದೇ ಪುಸ್ತಕದ ರಟ್ಟಿನ ಒಳಗೆ ಇನ್ನೊಂದು ಕಾಗದ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತೋ, ಅವಳೇ ಯಾವಾಗಲೋ ತಂದಿಟ್ಟು ಮರೆತಿದ್ದಳು. 2010ರ ಚಿನ್ನದ ಸಾಲದ ಚೀಟಿ, ಅವಳ ಹೆಸರಿನದ್ದು. ಸರ, ಬಳೆ, ಒಟ್ಟು 72 ಗ್ರಾಂ ಅಡ ಇಟ್ಟದ್ದು. ತಾರೀಖು ಫ್ಲಾಟಿನ ಅಡ್ವಾನ್ಸ್ ಕೊಟ್ಟದ್ದಕ್ಕೆ ನಾಲ್ಕು ದಿನ ಮುಂಚೆ. ಆ ಚಿನ್ನ ಬಿಡಿಸಿಕೊಳ್ಳಲೇ ಇಲ್ಲ. "ಆಮೇಲೆ ಮಾಡಿಸೋಣ" ಅಂತ ಮಾತಾಗಿತ್ತಂತೆ.

ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಆ ಪುಸ್ತಕವನ್ನು ಚೀಲದಲ್ಲಿ ಹಾಕದೆ ತೊಡೆ ಮೇಲೇ ಇಟ್ಟುಕೊಂಡಿದ್ದಳು.

ವಕೀಲರು ಅದನ್ನು ಪುಟ ಪುಟ ನೋಡಿದರು. ಆಮೇಲೆ ಹೇಳಿದ್ದು ನನಗೆ ಹೊಸ ವಿಷಯ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲೇ ನಿಯಮ ಮಾಡಿದ್ದಾರೆ. ಮದುವೆಯಲ್ಲಿ ಬಂದ ಉಡುಗೊರೆಗಳನ್ನು ಪಟ್ಟಿ ಮಾಡಬೇಕು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನಾಗಬೇಕು ಅಂತ ಬರೆದು ಹುಡುಗ ಹುಡುಗಿ ಇಬ್ಬರೂ ಸಹಿ ಹಾಕಬೇಕು. ಹುಡುಗಿಗೆ ಬಂದದ್ದರ ಪಟ್ಟಿ ಹುಡುಗಿ ಹತ್ತಿರವೇ ಇರಬೇಕು. ನಾನು ಎಷ್ಟೋ ಮದುವೆಗೆ ಹೋಗಿದ್ದೇನೆ, ಒಂದರಲ್ಲೂ ಇಂಥ ಪಟ್ಟಿ ನೋಡಿಲ್ಲ. ಸೋದರಮಾವನಿಗೆ ಆ ನಿಯಮ ಗೊತ್ತಿರಲಿಕ್ಕಿಲ್ಲ. ಮುಯ್ಯಿ ತೀರಿಸುವ ಮರ್ಯಾದೆ ಗೊತ್ತಿತ್ತು.

ಜೀವನಾಂಶದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಪತ್ರಿಕೆಗಳಲ್ಲಿ ಅದೇ ಬರುತ್ತಿರುತ್ತದೆ. ಎರಡು ಮೂರು ಮಾತು ಮಾತ್ರ. ಗಂಡನ ಕೈಗೆ ಬರುವ ಸಂಬಳದ ಕಾಲು ಭಾಗ ಕೊಡಬೇಕು ಅಂತ ಒಂದು ನಂಬಿಕೆ ಇದೆ. ಅದು 2017ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದದ್ದು, ಕಾಯ್ದೆಯಲ್ಲಿ ಅಂಥ ಲೆಕ್ಕ ಇಲ್ಲ. ನ್ಯಾಯಾಧೀಶರು ಇಬ್ಬರ ಆದಾಯ, ಓದು, ವಯಸ್ಸು, ಮಕ್ಕಳು, ಇದ್ದ ಜೀವನಮಟ್ಟ, ಸಂಸಾರಕ್ಕಾಗಿ ಕೆಲಸ ಬಿಟ್ಟಿದ್ದಾಳಾ ಅನ್ನುವುದನ್ನೆಲ್ಲ ನೋಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ, ಬೇರೆಯಾದ ಮೇಲೆ ಗಂಡ ಎಷ್ಟೇ ಶ್ರೀಮಂತನಾದರೂ ಅವನ ಸಮಕ್ಕೆ ತಂದು ನಿಲ್ಲಿಸುವುದು ಜೀವನಾಂಶದ ಕೆಲಸವಲ್ಲ ಅಂತ ಹೇಳಿತು. ಅದು ಸರಿ ಅಂತಲೇ ನನಗೂ ಅನಿಸುತ್ತದೆ. ನನ್ನ ತಕರಾರು ಬೇರೆ. ಜೀವನಾಂಶ ಅಂದರೆ ಬದುಕಲು ಕೊಡುವುದು. ಪಾಲು ಅಂದರೆ ದುಡಿದದ್ದನ್ನು ತಗೊಳ್ಳುವುದು. ಇವಳು ಹದಿನಾರು ವರ್ಷ ದುಡಿದಿದ್ದಳು. ಅವಳು ಕೈಚಾಚಿ ಕೇಳುವ ಜಾಗದಲ್ಲಿ ನಿಲ್ಲಬೇಕಾಯಿತಲ್ಲ, ಅದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಗಂಡಸರ ಕಷ್ಟವನ್ನೂ ನಾನು ಕೋರ್ಟಿನಲ್ಲಿ ನೋಡಿದ್ದೇನೆ. ಅಪ್ಪ ಅಮ್ಮನ ಆಸ್ಪತ್ರೆ ಬಿಲ್, ಇಎಂಐ, ಜೀವನಾಂಶ ಮೂರನ್ನೂ ಒಂದೇ ಸಂಬಳದಲ್ಲಿ ಎಳೆಯುತ್ತಿದ್ದ ಹುಡುಗನೊಬ್ಬ ಕಾರಿಡಾರಿನಲ್ಲಿ ನನ್ನ ಪಕ್ಕ ಕೂತು ಫೋನಿನ ಕ್ಯಾಲ್ಕುಲೇಟರನ್ನು ಒತ್ತುತ್ತಲೇ ಇದ್ದ. ಹೊಸದಾಗಿ ಒತ್ತಿದರೂ ಅದೇ ಉತ್ತರ ಬರುತ್ತಿತ್ತು ಅಂತ ಕಾಣುತ್ತದೆ. ಕೂಡಿ ಗಳಿಸಿದ್ದನ್ನು ಒಮ್ಮೆ ಹಂಚಿ ಮುಗಿಸುವ ಕಾನೂನು ಇದ್ದಿದ್ದರೆ ಅವನಿಗೂ ಒಂದು ಕೊನೆ ಸಿಗುತ್ತಿತ್ತು.

ಇನ್ನು ಕೊನೆಯ ಹಂತ. ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಅನ್ನುವ ಕಟ್ಟಡದಲ್ಲಿ ಮೀಡಿಯೇಷನ್ ಸೆಂಟರ್ ಇದೆ. ಕೇಸು ಅಲ್ಲಿಗೆ ಹೋಯಿತು. ಚಿಕ್ಕ ಕೋಣೆ, ಮೇಜು, ನೀರಿನ ಬಾಟಲಿ. ಮಧ್ಯಸ್ಥಗಾರರು ಇಬ್ಬರನ್ನೂ ಒಟ್ಟಿಗೆ ಕೂರಿಸಿದರು, ಆಮೇಲೆ ಒಬ್ಬೊಬ್ಬರನ್ನೇ ಕರೆದರು. ನಾನು ಹೊರಗೆ ಕೂತಿದ್ದೆ. ಮೂರನೇ ಸಲ ಹೋದಾಗ ಅವಳು ಮುಯ್ಯಿ ಪುಸ್ತಕವನ್ನೂ ಆ ಚೀಟಿಯನ್ನೂ ಮೇಜಿನ ಮೇಲೆ ಇಟ್ಟಳಂತೆ. ಅವಳ ಗಂಡ ಚೀಟಿ ತಗೊಂಡು ತುಂಬ ಹೊತ್ತು ನೋಡಿದರಂತೆ. "ಇದು ನಂಗೆ ಮರ್ತೇಹೋಗಿತ್ತು" ಅಂದರಂತೆ. ನಿಜವಾಗಿ ಮರೆತಿದ್ದರು ಅಂತ ಅವಳು ನಂಬುತ್ತಾಳೆ. ನಾನೂ ನಂಬುತ್ತೇನೆ.

ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಮನೆ ಅವರೇ ಇಟ್ಟುಕೊಳ್ಳುವುದು. 72 ಗ್ರಾಂ ಚಿನ್ನಕ್ಕೆ ಅವತ್ತಿನ ರೇಟಿನಲ್ಲಿ ಹಣ. ಅದರ ಮೇಲೆ ಅಡ್ವಾನ್ಸಿಗೆ ಚಿನ್ನ ಹಾಕಿದ್ದಕ್ಕೂ, ಮನೆ ನಡೆಸಿದ್ದಕ್ಕೂ ಸೇರಿಸಿ ಒಂದು ಒಟ್ಟು ಮೊತ್ತ, ಮೂರು ಕಂತಿನಲ್ಲಿ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಅದು ಅವಳದ್ದು. ಮಕ್ಕಳ ಫೀಸು ಅವರದ್ದು. ಅಪ್ಪನ ಆಸ್ತಿಯಲ್ಲಿ ಮಕ್ಕಳ ಹಕ್ಕು ಹಾಗೇ ಇರುತ್ತದೆ, ತಂದೆ ತಾಯಿ ಬೇರೆಯಾದರೆ ಅದು ಹೋಗುವುದಿಲ್ಲ. ಇವಳ ವಾರಸುದಾರಿಕೆ ಮಾತ್ರ ಡಿಕ್ರಿ ಬಂದ ದಿನವೇ ಮುಗಿಯುತ್ತದೆ.

ಇಂಥ ಒಪ್ಪಂದ ಬರೆಸುವವರಿದ್ದರೆ ನಮ್ಮ ವಕೀಲರು ಹಠ ಹಿಡಿದು ಹಾಕಿಸಿದ ಎರಡು ಸಾಲು ಹೇಳುತ್ತೇನೆ. ಒಂದು, ಹೋಮ್ ಲೋನಿನಿಂದ ಇವಳ ಹೆಸರು ತೆಗೆಸಿ ಬ್ಯಾಂಕಿನ ಪತ್ರವನ್ನು ಎರಡನೇ ಮೋಷನ್‌ಗೆ, ಅಂದರೆ ಇಬ್ಬರೂ ವಿಚ್ಛೇದನ ಬೇಕು ಅಂತ ಕೋರ್ಟಿಗೆ ಎರಡನೇ ಸಲ ಹೇಳುವುದಕ್ಕೆ, ಮೊದಲು ತಂದುಕೊಡಬೇಕು. ಎರಡು, ಕೊನೆಯ ಕಂತಿನ ಡಿಡಿ ಕೋರ್ಟ್ ಹಾಲಿನಲ್ಲೇ ಕೊಡಬೇಕು, ಆಮೇಲೇ ಕೊನೆಯ ಸಹಿ. ಬ್ಯಾಂಕಿನವರು ಸುಲಭಕ್ಕೆ ಒಪ್ಪಲಿಲ್ಲ. ಗಂಡನ ಅಣ್ಣ ಕೋ-ಅಪ್ಲಿಕೆಂಟ್ ಆಗಿ ಸೇರಿದ ಮೇಲೆ ಇವಳ ಹೆಸರು ತೆಗೆದರು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಸೆಕ್ಷನ್ 13ಬಿ ಪ್ರಕಾರ ಆರು ತಿಂಗಳು ಕಾಯಬೇಕು. ಬೇರೆಯಾಗಿ ಒಂದೂವರೆ ವರ್ಷ ಕಳೆದು ಎಲ್ಲವೂ ಇತ್ಯರ್ಥವಾಗಿದ್ದರೆ ಕೋರ್ಟ್ ಅದನ್ನು ಬಿಡಬಹುದು ಅಂತ 2017ರ ತೀರ್ಪು ಇದೆ. ಇವರಿಗೆ ಆ ಆರು ತಿಂಗಳನ್ನು ಬಿಟ್ಟರು.

2024ರ ಜುಲೈನಲ್ಲಿ, ವಿಚ್ಛೇದಿತ ಮುಸ್ಲಿಂ ಹೆಂಗಸರಿಗೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 125ರಡಿ ಜೀವನಾಂಶದ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ ತೀರ್ಪಿನಲ್ಲಿ, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬೇರೆಯಾಗಿ ಒಂದಿಷ್ಟು ಬರೆದಿದ್ದಾರೆ. ಗಂಡಂದಿರು ಗೃಹಿಣಿಯರಿಗೆ ಹಣದ ಭದ್ರತೆ ಕೊಡಬೇಕು, ಜಂಟಿ ಖಾತೆ ಇಟ್ಟುಕೊಳ್ಳಬೇಕು, ಎಟಿಎಂ ಕಾರ್ಡ್ ಹಂಚಿಕೊಳ್ಳಬೇಕು ಅಂತ. ಅಷ್ಟು ದೊಡ್ಡ ಕೋರ್ಟಿನ ತೀರ್ಪಿನಲ್ಲಿ ಎಟಿಎಂ ಕಾರ್ಡಿನ ಮಾತು ಓದಿ ನನಗೆ ಗಂಟಲು ಕಟ್ಟಿತು. ಅವರಿಗೆ ನಮ್ಮ ಅಡಿಗೆಮನೆ ಗೊತ್ತಿದೆ ಅನ್ನಿಸಿತು.

ಪಾತ್ರೆಗಳು ವಾಪಸ್ ಬಂದ ದಿನ ಚಿಕ್ಕಮ್ಮನೂ ಬಂದಿದ್ದರು. ಟೆಂಪೋದಿಂದ ಇಳಿಸಿದ್ದನ್ನೆಲ್ಲ ಹಾಲಿನಲ್ಲಿ ಹರಡಿ, ಪುಸ್ತಕ ಹಿಡಿದು ಒಂದೊಂದಕ್ಕೇ ಟಿಕ್ ಹಾಕಿದೆವು. ಹಿತ್ತಾಳೆ ಕೊಳಗ ಬಂತು, ತಳ ಸ್ವಲ್ಪ ತಗ್ಗಾಗಿತ್ತು. ಕುಂಕುಮ ಭರಣಿ ಬಂತು. ಒಂದು ಸ್ಟೀಲ್ ಡಬರಿ ಬರಲಿಲ್ಲ. "ಹೋಗ್ಲಿ ಬಿಡು" ಅಂದರು ಚಿಕ್ಕಮ್ಮ. ಇವಳು ಬಿಡಲಿಲ್ಲ, ಆ ಸಾಲಿನ ಪಕ್ಕ "ಬಂದಿಲ್ಲ" ಅಂತ ಬರೆದಳು. ಈಗ ಅವಳು ಮತ್ತೆ ಒಂದು ಆಡಿಟರ್ ಆಫೀಸಿಗೆ ಹೋಗುತ್ತಿದ್ದಾಳೆ.

ಹೋದ ತಿಂಗಳು ತಿಪಟೂರಿನಲ್ಲಿ ಸೋದರಮಾವನ ಮೊಮ್ಮಗಳ ಮದುವೆ. ಮಾವನಿಗೆ ಈಗ ಕಣ್ಣು ಮಂಜು. ಮುಯ್ಯಿ ಬರೆಯಲು ನಾನೂ ಇವಳೂ ಕೂತೆವು. ಹುಡುಗಿಗೆ ಬಂದದ್ದನ್ನು ಬೇರೆ ಹಾಳೆಯಲ್ಲಿ ಬರೆದೆವು. ವಸ್ತು, ಅಂದಾಜು ಬೆಲೆ, ಕೊಟ್ಟವರು, ಏನಾಗಬೇಕು. ಚಿನ್ನದ ರಸೀದಿಗಳ ಜೆರಾಕ್ಸ್ ಲಗತ್ತಿಸಿದೆವು. ಆರತಕ್ಷತೆ ಮುಗಿದ ಮೇಲೆ ಹುಡುಗ ಹುಡುಗಿಯನ್ನು ಕರೆದು ಸಹಿ ಹಾಕಿ ಅಂದಾಗ ಹುಡುಗನ ತಾಯಿಗೆ ಸ್ವಲ್ಪ ಗಾಬರಿಯಾಯಿತು. "ಇದೇನಮ್ಮ ಹೊಸ ಪದ್ಧತಿ?" ಅಂದರು.

"1985ರಿಂದ ಇದೆ ಅಮ್ಮ" ಅಂದಳು ಇವಳು, ಪೆನ್ನಿನ ಕ್ಯಾಪ್ ತೆಗೆದು ಹುಡುಗನ ಕೈಗೆ ಕೊಡುತ್ತಾ.